ಬೇರೆ ಬೇರೆ ಕಿಟ್‌ಗಳನ್ನು ಕೂಡಿಸಿ ಕಟ್ಟಿದ ಮಾದರಿ ಕಾರು: ದೋಷ ಪತ್ತೆ ಮತ್ತು ನಿವಾರಣೆ

ಒಂದು ಕಿಟ್‌ನ ಬಾಡಿ, ಇನ್ನೊಂದರ ಚಾಸಿ (ಕಾರಿನ ತಳದ ಚೌಕಟ್ಟು), ಮೂರನೆಯದರ ಎಂಜಿನ್, ಬಿಡಿಭಾಗಗಳ ಡಬ್ಬಿಯಿಂದ ಹೆಕ್ಕಿದ ಚಕ್ರಗಳು: ಇವನ್ನೆಲ್ಲ ಕೂಡಿಸಿ, ಯಾವ ಪೆಟ್ಟಿಗೆಯ ಮೇಲೂ ಚಿತ್ರವಿಲ್ಲದ ಕಾರೊಂದನ್ನು ಕಟ್ಟುವ ಕೆಲಸಕ್ಕೆ ಮಾದರಿ ಕಟ್ಟುವವರು ಕಿಟ್‌ಬ್ಯಾಶಿಂಗ್ ಎನ್ನುತ್ತಾರೆ. ಒಂದೇ ಕಿಟ್ಟನ್ನು ಸೂಚನೆಯ ಹಾಳೆ ನೋಡಿಕೊಂಡು ಕಟ್ಟುವಾಗ ಯಾವುದಾದರೂ ಭಾಗ ಕೂರದಿದ್ದರೆ, ತಪ್ಪು ಹೆಚ್ಚಾಗಿ ಆ ಭಾಗದಲ್ಲಿಯೇ ಇರುತ್ತದೆ. ಅದನ್ನು ಅರದಿಂದ ಉಜ್ಜಿದರೆ ಮುಗಿಯಿತು. ಹೊಂದದ ಕಿಟ್‌ಗಳನ್ನು ಕೂಡಿಸುವಾಗ ಹಾಗಲ್ಲ. ದೋಷ ಬಾನೆಟ್ಟಿನಲ್ಲಿ ಕಾಣಿಸಿಕೊಂಡರೂ ಅದರ ಮೂಲ ಚಾಸಿಯ ಅಂಚಿನಲ್ಲಿರಬಹುದು. ಕಾರು ಒಂದು ಕಡೆಗೆ ವಾಲಿ ನಿಂತಿದ್ದರೆ ಅದಕ್ಕೆ ಕಾರಣ ಸೀಟುಗಳು ಕೂರುವ ಒಳಾಂಗಣದ ತೊಟ್ಟಿಯಾಗಿರಬಹುದು. ಆದ್ದರಿಂದ ಈ ಕೈಪಿಡಿಯನ್ನು ಕಣ್ಣಿಗೆ ಬೀಳುವ ಲಕ್ಷಣಗಳ ಪ್ರಕಾರ ಬರೆದಿದ್ದೇನೆ. ಪ್ರತಿಯೊಂದು ಲಕ್ಷಣಕ್ಕೂ, ಗರಗಸ ಕೈಗೆತ್ತಿಕೊಳ್ಳುವ ಮೊದಲು ಯಾವ ಪರೀಕ್ಷೆ ಮಾಡಬೇಕು ಎಂಬುದನ್ನು ಮೊದಲು ಹೇಳಿ, ದುರಸ್ತಿಯನ್ನು ಆಮೇಲೆ ಹೇಳಿದ್ದೇನೆ.

ಪರೀಕ್ಷೆಗೆ ಬೇಕಾದ ಸಲಕರಣೆ ಹೆಚ್ಚಿಲ್ಲ. ಒಂದು ವರ್ನಿಯರ್ ಕ್ಯಾಲಿಪರ್, ಅಂಗೈಗಿಂತ ದೊಡ್ಡದಾದ ದಪ್ಪ ಗಾಜಿನ ತುಂಡು, ಮಾಸ್ಕಿಂಗ್ ಟೇಪ್, 0.5 ಮತ್ತು 1 ಮಿ.ಮೀ. ದಪ್ಪದ ಪಾಲಿಸ್ಟೈರೀನ್ (ಕಿಟ್‌ಗಳ ಸಾಮಾನ್ಯ ಪ್ಲಾಸ್ಟಿಕ್) ಹಾಳೆ, ಸಣ್ಣ ಹಲ್ಲಿನ ತೆಳು ಗರಗಸ, ಅರಗಳು, ಒಂದು ನೋಟ್‌ಬುಕ್. ಗಾಜೇ ಇಲ್ಲಿ ನೆಲ. ಎಲ್ಲ ಎತ್ತರಗಳನ್ನೂ ಅದರಿಂದಲೇ ಅಳೆಯಬೇಕು. ಮರದ ಮೇಜಿನ ಮೇಲಿಟ್ಟು ಅಳೆದ ಕಾರು ಮೇಜಿನ ಡೊಂಕನ್ನೂ ಸೇರಿಸಿಕೊಂಡು ಸುಳ್ಳು ಹೇಳುತ್ತದೆ. ಯಾವ ಭಾಗಕ್ಕೂ ಅಂಟು ಹಾಕದೆ, ಬರಿಯ ಟೇಪಿನಿಂದ ಬಾಡಿ, ಒಳಾಂಗಣದ ತೊಟ್ಟಿ, ಚಾಸಿ, ಚಕ್ರ ಇಷ್ಟನ್ನೂ ಒಮ್ಮೆ ಕೂಡಿಸಿ ನೋಡುವುದು ಕಡ್ಡಾಯವೆಂದೇ ತಿಳಿಯಬೇಕು.

ಚಕ್ರಗಳು ಕಮಾನಿನ ನಡುವೆ ಕೂರುತ್ತಿಲ್ಲ

ಕಮಾನು ಎಂದರೆ ಬಾಡಿಯಲ್ಲಿ ಚಕ್ರಕ್ಕಾಗಿ ಬಿಟ್ಟ ಬಾಗಿದ ಜಾಗ. ಮೊದಲು ಯಾವ ಚಕ್ರ ಎತ್ತ ಸರಿದಿದೆ ಎಂಬುದನ್ನು ನೋಡಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳೆರಡೂ ಒಂದೇ ದಿಕ್ಕಿಗೆ, ಒಂದೇ ಪ್ರಮಾಣದಲ್ಲಿ ಸರಿದಿದ್ದರೆ ಚಾಸಿ ಬಾಡಿಯೊಳಗೆ ಮುಂದಕ್ಕೋ ಹಿಂದಕ್ಕೋ ಕುಳಿತಿದೆ ಎಂದರ್ಥ. ತಡೆಯುತ್ತಿರುವ ಗೂಟವನ್ನು ತೆಗೆದರೆ ಸಾಕು. ಎಡಗಡೆ ಸರಿಯಾಗಿದ್ದು ಬಲಗಡೆ ಮಾತ್ರ ತಪ್ಪಿದ್ದರೆ ಆಕ್ಸಲ್ ಓರೆಯಾಗಿದೆ. ಮುಂದಿನ ಎಡ ಚಕ್ರದ ನಡುವಿನಿಂದ ಹಿಂದಿನ ಬಲ ಚಕ್ರದ ನಡುವಿಗೆ, ಹಾಗೆಯೇ ಇನ್ನೊಂದು ಮೂಲೆಯಿಂದ ಮೂಲೆಗೆ ಅಳೆದರೆ ಎರಡು ಅಳತೆಗಳೂ ಸಮವಾಗಿರಬೇಕು. ಮುಂದಿನ ಚಕ್ರವನ್ನು ಸರಿಯಾಗಿ ನಡುವೆ ನಿಲ್ಲಿಸಿದಾಗ ಹಿಂದಿನ ಚಕ್ರಗಳೆರಡೂ ತಪ್ಪಿದರೆ, ಆಗ ಮಾತ್ರ ಅದು ವೀಲ್‌ಬೇಸಿನ, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರದ, ದೋಷ.

ವೀಲ್‌ಬೇಸ್ ಹೊಂದದಿರುವುದಕ್ಕೆ ಎರಡು ಕಾರುಗಳ ಉದ್ದ ಬೇರೆಯಾಗಿರುವುದೇ ಕಾರಣವಾಗಬೇಕಿಲ್ಲ, ಕಿಟ್‌ಗಳ ಸ್ಕೇಲ್ ಬೇರೆಯಾಗಿದ್ದರೂ ಸಾಕು. 1:25 ಸ್ಕೇಲ್ ಎಂದರೆ ಮಾದರಿಯ ಪ್ರತಿ ಅಳತೆಯೂ ನಿಜವಾದ ಕಾರಿನ ಇಪ್ಪತ್ತೈದನೆಯ ಒಂದು ಭಾಗ. ಅಮೆರಿಕದ ಎಎಂಟಿ ಕಂಪನಿ 1958ರಲ್ಲಿ ತಂದ, ಒಂದೇ ಪೆಟ್ಟಿಗೆಯಿಂದ ಮೂರು ಬಗೆಯಾಗಿ ಕಟ್ಟಬಹುದಾದ ಕಿಟ್‌ಗಳು 1:25ರವು. ಅಲ್ಲಿಯ ಕಾರು ಕಿಟ್‌ಗಳಲ್ಲಿ ಬಹುಪಾಲು ಇಂದಿಗೂ ಅದೇ ಸ್ಕೇಲಿನಲ್ಲಿವೆ. ಜಪಾನಿನ ತಮಿಯಾ, ಫುಜಿಮಿ, ಅಯೋಶಿಮಾ ಮೊದಲಾದವರ ಕಾರುಗಳು ಸಾಮಾನ್ಯವಾಗಿ 1:24. ಕೇಳುವುದಕ್ಕೆ ಒಂದೇ ಅಂಕಿಯ ಅಂತರ. ಅಳೆದಾಗ ಅದು ಶೇಕಡಾ 4ಕ್ಕಿಂತ ತುಸು ಹೆಚ್ಚು. 1965ರ ಫೋರ್ಡ್ ಮಸ್ಟಾಂಗ್ ಮತ್ತು 1967ರ ಶೆವರ್ಲೆ ಕಮಾರೊ ಎರಡರ ವೀಲ್‌ಬೇಸೂ 108 ಅಂಗುಲ, ಅಂದರೆ ಸುಮಾರು 2743 ಮಿ.ಮೀ. ನಿಜವಾದ ಕಾರುಗಳಲ್ಲಿ ಒಂದರ ಚಕ್ರಗಳು ಇನ್ನೊಂದರ ಚಕ್ರಗಳ ಜಾಗಕ್ಕೆ ಸರಿಯಾಗಿ ಬರುತ್ತವೆ. ಆದರೆ ಮಸ್ಟಾಂಗಿನ 1:25ರ ಬಾಡಿಗೆ ಬೇಕಾಗಿರುವುದು 109.7 ಮಿ.ಮೀ., ಕಮಾರೊದ 1:24ರ ಚಾಸಿ ಕೊಡುವುದು 114.3 ಮಿ.ಮೀ. ಈ 4.6 ಮಿ.ಮೀ. ಅಂತರ ಟೈರನ್ನು ಕಮಾನಿನ ಹಿಂದಂಚಿಗೆ ತಾಗಿಸುವಷ್ಟು ದೊಡ್ಡದು. ಪೆಟ್ಟಿಗೆಯ ಮೇಲೆ ಅಚ್ಚಾದ ಸ್ಕೇಲನ್ನೂ ಪೂರ್ತಿ ನಂಬಬಾರದು. ನಿಜವಾದ ಕಾರಿನ ವೀಲ್‌ಬೇಸನ್ನು ಮಿ.ಮೀ.ಗೆ ತಿರುಗಿಸಿ, ಕಿಟ್‌ನಲ್ಲಿ ಅಳೆದ ಅಂತರದಿಂದ ಭಾಗಿಸಿದರೆ ನಿಮ್ಮ ಕೈಯಲ್ಲಿರುವ ಭಾಗದ ನಿಜವಾದ ಸ್ಕೇಲ್ ಸಿಗುತ್ತದೆ. ಬಾಡಿಯಲ್ಲಿ ಈ ಲೆಕ್ಕ ಮಾಡುವಾಗ ಕಮಾನುಗಳ ನಡುವಿಂದ ನಡುವಿಗೆ ಅಳೆಯಬೇಕು.

ಅಂತರ 1 ಮಿ.ಮೀ.ಗಿಂತ ಕಡಿಮೆಯಿದ್ದರೆ ಆಕ್ಸಲಿನ ರಂಧ್ರವನ್ನು ಸ್ವಲ್ಪ ಉದ್ದಕ್ಕೆ ಕೊರೆದು, ಆಕ್ಸಲನ್ನು ಸರಿಸಿ, ಉಳಿದ ಸಂದನ್ನು ತುಂಬಿದರೆ ಯಾರಿಗೂ ತಿಳಿಯುವುದಿಲ್ಲ. ಹಿಂದೆ ಲೀಫ್ ಸ್ಪ್ರಿಂಗ್ ಇರುವ ಚಾಸಿಯಲ್ಲಿ ಸ್ಪ್ರಿಂಗಿನ ಉದ್ದಕ್ಕೂ ಆಕ್ಸಲನ್ನು 2 ಮಿ.ಮೀ. ವರೆಗೆ ಸರಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಚಾಸಿಯನ್ನು ಕತ್ತರಿಸಲೇಬೇಕಾಗುತ್ತದೆ. ಕತ್ತರಿಸುವ ಜಾಗ ಗೇರ್‌ಬಾಕ್ಸಿನ ಬಾಲಕ್ಕೂ ಹಿಂದಿನ ಸ್ಪ್ರಿಂಗಿನ ಮುಂದಿನ ಕೊಂಡಿಗೂ ನಡುವಿನ ಸಪಾಟಾದ ಭಾಗ. ಸಸ್ಪೆನ್ಷನ್ ಕೂರುವ ಕಡೆ ಗರಗಸ ಹೋಗಬಾರದು. ತೆಗೆಯಬೇಕಾದ ಅಗಲಕ್ಕೆ ಎರಡು ಗೆರೆ ಎಳೆದು, ಗೆರೆಗಳ ಒಳಮಗ್ಗುಲಲ್ಲಿ ಗರಗಸ ಆಡಿಸಿ, ಉಳಿದ ಕೂದಲೆಳೆಯಷ್ಟನ್ನು ಅರದಿಂದ ಗೆರೆಯವರೆಗೆ ತರಬೇಕು, ಏಕೆಂದರೆ ಅಲಗು ತನ್ನ ದಪ್ಪದಷ್ಟು ಪ್ಲಾಸ್ಟಿಕ್ಕನ್ನು ತಾನೇ ತಿಂದುಬಿಡುತ್ತದೆ. ಎರಡು ತುಂಡುಗಳನ್ನು ಗಾಜಿನ ಮೇಲೆ ನೇರವಾದ ಪಟ್ಟಿಯೊಂದಕ್ಕೆ ಒತ್ತಿ ಕೂಡಿಸಿ, ಒಳಗಿನಿಂದ 1 ಮಿ.ಮೀ. ಹಾಳೆಯ ತೇಪೆ ಹಾಕಿ, ಒಂದು ದಿನ ಮುಟ್ಟದೆ ಬಿಡಬೇಕು. ಪ್ರೊಪೆಲ್ಲರ್ ಶಾಫ್ಟನ್ನೂ ಅಷ್ಟೇ ಗಿಡ್ಡ ಮಾಡಬೇಕು. ಇದನ್ನು ಮರೆತವರ ಕಾರಿನಲ್ಲಿ ಹಿಂದಿನ ಆಕ್ಸಲ್ ಹಿಂದಕ್ಕೆ ತಿರುಚಿಕೊಂಡು ನಿಂತಿರುತ್ತದೆ.

ಬಾನೆಟ್ ಮುಚ್ಚುತ್ತಿಲ್ಲ

ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಒಳ್ಳೆಯ ಭಾಗಗಳು ಹಾಳಾಗುವುದು ಈ ದೋಷದ ತಪ್ಪು ಚಿಕಿತ್ಸೆಯಿಂದ ಎಂಬುದು ನನ್ನ ಅನುಭವ. ಬಾನೆಟ್ ಎದ್ದು ನಿಂತ ಕೂಡಲೇ ಕೈ ತಾನಾಗಿ ಏರ್ ಫಿಲ್ಟರಿನ ಮೇಲೆ ಹೋಗುತ್ತದೆ. ಎಂಜಿನ್ ದೊಡ್ಡದಾಯಿತೆಂದು ಮೊದಲೇ ತೀರ್ಮಾನಿಸಿರುತ್ತೇವೆ.

ನಾನು 1:25ರ ಹಳೆಯ ಕೂಪೆಯೊಂದರ ಬಾಡಿಯನ್ನು 1:24ರ ಚಾಸಿಯ ಮೇಲೆ ಕೂರಿಸುತ್ತಿದ್ದಾಗ ಬಾನೆಟ್ಟಿನ ಮುಂದಂಚು 1.5 ಮಿ.ಮೀ. ಎತ್ತರದಲ್ಲಿ ನಿಂತಿತು. ಏರ್ ಫಿಲ್ಟರನ್ನು ಅರ್ಧದಷ್ಟು ಉಜ್ಜಿದೆ. ಸಂದು ಹಾಗೆಯೇ ಇತ್ತು. ಕಾರ್ಬುರೇಟರಿನ ಬುಡವನ್ನು ಕತ್ತರಿಸಿ ತಗ್ಗಿಸಿದೆ, ಆಗಲೂ ಅಷ್ಟೇ. ಕೊನೆಗೆ ಎಂಜಿನನ್ನೇ ಹೊರತೆಗೆದು ಬರಿಯ ಚಾಸಿಯ ಮೇಲೆ ಬಾನೆಟ್ ಇಟ್ಟರೆ ಅದು ಆಗಲೂ ಕೂರಲಿಲ್ಲ. ಬಾಡಿಯನ್ನು ಚಾಸಿಯಿಂದ ಬಿಡಿಸಿ ಕೈಯಲ್ಲಿ ಹಿಡಿದು ಇಟ್ಟಾಗ ಮಾತ್ರ ಸದ್ದಿಲ್ಲದೆ ಜಾಗಕ್ಕೆ ಇಳಿಯಿತು. ಕ್ಯಾಲಿಪರಿನಿಂದ ಅಳೆದೆ: ಮುಂದಿನ ಕಮಾನುಗಳ ಹಿಂದೆ ಬಾಡಿಯ ಒಳಗಲ 64.2 ಮಿ.ಮೀ., ಅದೇ ಜಾಗದಲ್ಲಿ ಚಾಸಿಯ ಅಗಲ 65.8 ಮಿ.ಮೀ. ಒತ್ತಿ ಕೂರಿಸಿದ ಚಾಸಿ ಮಡ್‌ಗಾರ್ಡುಗಳನ್ನು ಕೆಳಗಿನಿಂದ ಹೊರಕ್ಕೆ ತಳ್ಳಿತ್ತು. ಮಡ್‌ಗಾರ್ಡುಗಳು ಅಗಲಿದಾಗ ಅವುಗಳ ನಡುವಿನ, ಕಾರಿನ ಮುಂದಿನ ಗಾಜಿನ ಬುಡದ ಪಟ್ಟಿ ಬಿಲ್ಲಿನಂತೆ ಬಾಗಿ, ಬಾನೆಟ್ಟಿನ ಹಿಂದಂಚನ್ನು ಹಿಡಿದು ಮುಂದಂಚನ್ನು ಎತ್ತಿತ್ತು. ಚಾಸಿಯ ಎರಡೂ ಅಂಚುಗಳಿಂದ 0.8 ಮಿ.ಮೀ.ಗಿಂತ ತುಸು ಹೆಚ್ಚು ಉಜ್ಜಿ ತೆಗೆದ ಮೇಲೆ ಬಾನೆಟ್ ಮುಚ್ಚಿತು. ಹಾಳು ಮಾಡಿದ ಏರ್ ಫಿಲ್ಟರಿಗೆ ಬದಲು ಇನ್ನೊಂದು ಸಿಗಲಿಲ್ಲ.

ಆದ್ದರಿಂದ ಪರೀಕ್ಷೆಯ ಕ್ರಮ ಹೀಗಿರಲಿ. ಮೊದಲು ಚಾಸಿಯಿಲ್ಲದೆ, ಬರಿಯ ಬಾಡಿಯ ಮೇಲೆ ಬಾನೆಟ್ ಇಡಿ. ಇಲ್ಲಿಯೇ ಕೂರದಿದ್ದರೆ ದೋಷ ಬಾನೆಟ್ಟಿನ ಅಂಚಿನಲ್ಲಿ ಅಥವಾ ಬಾಡಿಯ ಅಚ್ಚಿನಲ್ಲಿದೆ. ಆಮೇಲೆ ಎಂಜಿನ್ ಇಲ್ಲದ ಚಾಸಿಯನ್ನು ಸೇರಿಸಿ ನೋಡಿ. ಈ ಹಂತದಲ್ಲಿ ಎದ್ದರೆ ಬಾಡಿ ಅಗಲಿದೆ, ಇಲ್ಲವೇ ರೇಡಿಯೇಟರಿನ ಚೌಕಟ್ಟು ತಗುಲುತ್ತಿದೆ. ಕೊನೆಗೆ ಎಂಜಿನ್ ಇಡಿ. ಈ ಮೂರನೆಯ ಹಂತದಲ್ಲಿ ಮಾತ್ರ ಬಾನೆಟ್ ಎದ್ದರೆ ಅಪರಾಧಿ ಎಂಜಿನ್. ಏರ್ ಫಿಲ್ಟರಿನ ಮೇಲೆ ಬಟಾಣಿಯಷ್ಟು ಮೆತ್ತನೆಯ ಜೇಡಿಯನ್ನಿಟ್ಟು ಬಾನೆಟ್ಟನ್ನು ನಿಧಾನವಾಗಿ ಒತ್ತಿ ತೆಗೆದರೆ, ಚಪ್ಪಟೆಯಾದ ಜೇಡಿ ಎಲ್ಲಿ, ಎಷ್ಟು ತಗುಲುತ್ತಿದೆ ಎಂಬುದನ್ನು ಅಚ್ಚೊತ್ತಿ ತೋರಿಸುತ್ತದೆ.

ಎಂಜಿನ್ನೇ ಕಾರಣವಾಗಿದ್ದರೂ ಅದನ್ನು ಮೇಲಿನಿಂದ ಉಜ್ಜುವುದಕ್ಕಿಂತ ಕೆಳಗಿನಿಂದ ಇಳಿಸುವುದು ಒಳ್ಳೆಯದು. ಸ್ಕೇಲಿನ ಅಂತರದಿಂದ ಬರುವ ಎತ್ತರ ದೊಡ್ಡದೇನಲ್ಲ: 28 ಮಿ.ಮೀ. ಎತ್ತರದ ಎಂಜಿನ್ನಿನಲ್ಲಿ ಅದು 1 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಎಂಜಿನ್ ಕೂರುವ ಕೊಂಡಿಗಳನ್ನು ಅಷ್ಟು ತಗ್ಗಿಸಿದರೆ ಸಾಕಾಗುತ್ತದೆ. ಹಾಗೆ ಇಳಿಸಿದಾಗ ಆಯಿಲ್ ಪ್ಯಾನ್ ಮುಂದಿನ ಅಡ್ಡಪಟ್ಟಿಗೆ ತಾಗುವುದೇ, ಗೇರ್‌ಬಾಕ್ಸಿನ ಹಿಂಭಾಗ ಮೇಲಕ್ಕೇಳುವುದೇ ಎಂದು ನೋಡಿಕೊಳ್ಳಬೇಕು. ಎಂಜಿನ್ ಇಲ್ಲದೆ ಬರುವ ಕಿಟ್‌ಗಳಲ್ಲಿ ಎಂಜಿನ್ನಿನ ತಳ ಮಾತ್ರ ಚಾಸಿಯ ಜೊತೆ ಒಂದೇ ಅಚ್ಚಿನಲ್ಲಿರುತ್ತದೆ. ಅದನ್ನು ಕತ್ತರಿಸಿ ನಿಜವಾದ ಎಂಜಿನ್ ಇಡಬಯಸುವವರು, ಕತ್ತರಿಸುವ ಮುನ್ನವೇ ಚಾಸಿಯ ಎರಡು ಬದಿಗೂ ದಪ್ಪ ಪಟ್ಟಿ ಅಂಟಿಸಿ ಬಲ ಕೊಡಬೇಕು. ಇಲ್ಲದಿದ್ದರೆ ನಡುವೆ ದೊಡ್ಡ ಕಿಂಡಿಯಾದ ಚಾಸಿ ತಿರುಚಿಕೊಂಡು ಮುಂದಿನ ದೋಷಕ್ಕೆ ದಾರಿ ಮಾಡುತ್ತದೆ.

ಕಾರು ಮೂರು ಚಕ್ರಗಳ ಮೇಲೆ ನಿಲ್ಲುತ್ತದೆ

ಕಾರನ್ನು ಗಾಜಿನ ಮೇಲಿಟ್ಟು, ತೆಳು ಕಾಗದದ ಚೂರನ್ನು ಒಂದೊಂದು ಟೈರಿನ ಅಡಿಗೂ ತೂರಿಸಿ ನೋಡಬೇಕು. ಕಾಗದ ಸಲೀಸಾಗಿ ಜಾರಿಹೋಗುವ ಚಕ್ರ ಎತ್ತರದಲ್ಲಿದೆ. ಆದರೆ ಎತ್ತರದಲ್ಲಿರುವ ಚಕ್ರವನ್ನೇ ತಪ್ಪಿತಸ್ಥನೆಂದು ತಿಳಿಯಬಾರದು, ಅದರ ಅಕ್ಕಪಕ್ಕದ ಮೂಲೆಯ ಚಕ್ರವೊಂದು ತಗ್ಗಾಗಿ ಇಳಿದಿದ್ದರೂ ಇದೇ ಲಕ್ಷಣ ಕಾಣುತ್ತದೆ. ಚಕ್ರಗಳನ್ನು ತೆಗೆದು ಬರಿಯ ಚಾಸಿಯನ್ನು ಗಾಜಿನ ಮೇಲಿಟ್ಟು ಮೂಲೆಗಳನ್ನು ಒತ್ತಿರಿ. ಅದು ಟಕ್ ಟಕ್ ಎಂದು ಆಡಿದರೆ ಚಾಸಿಯೇ ತಿರುಚಿದೆ. ಆಡದಿದ್ದರೆ ಆಕ್ಸಲ್ ಅಥವಾ ಸ್ಪ್ರಿಂಗ್ ವಾರೆಯಾಗಿ ಅಂಟಿದೆ. ಬಿಡಿ ಚಾಸಿ ಸಮತಟ್ಟಾಗಿದ್ದು, ಬಾಡಿ ಕೂಡಿಸಿದ ಮೇಲೆ ಮಾತ್ರ ಕಾರು ಆಡುತ್ತಿದ್ದರೆ, ಒಳಗಿರುವ ಯಾವುದೋ ಭಾಗ ಚಾಸಿಯನ್ನು ಒಂದು ಮೂಲೆಯಲ್ಲಿ ತಳ್ಳುತ್ತಿದೆ.

ಈ ಮೂರನೆಯ ಬಗೆ ಕಿಟ್‌ಬ್ಯಾಶಿಂಗಿನಲ್ಲಿ ಬಹಳ ಸಾಮಾನ್ಯ, ಏಕೆಂದರೆ ಮಾದರಿ ಕಾರು ಒಂದರ ಮೇಲೊಂದು ಪೇರಿಸಿದ ಪದರಗಳಂತಿರುತ್ತದೆ: ಬಾಡಿಯ ಒಳಗೆ ಗಾಜು, ಗಾಜಿನ ಕೆಳಗೆ ಒಳಾಂಗಣದ ತೊಟ್ಟಿ, ತೊಟ್ಟಿಯ ಕೆಳಗೆ ಚಾಸಿ. ಒಂದು ಕಿಟ್‌ನ ತೊಟ್ಟಿ ಇನ್ನೊಂದರ ಗೇರ್‌ಬಾಕ್ಸ್ ಉಬ್ಬಿನ ಮೇಲೆ ಕುಳಿತಾಗ ಚಾಸಿ ಪೂರ್ತಿ ಮೇಲೇರಲಾರದು. ಬಾಗಿಲ ಕೆಳಗಿನ ಪಟ್ಟಿಯಿಂದ ಚಾಸಿಯ ಅಂಚು ಹೊರಗೆ ಇಣುಕುತ್ತದೆ, ಕಾರು ಬೇಡದ ಎತ್ತರದಲ್ಲಿ ನಿಲ್ಲುತ್ತದೆ. ಆಗ ಸಸ್ಪೆನ್ಷನ್ ಕತ್ತರಿಸಿ ಕಾರನ್ನು ತಗ್ಗಿಸುವುದು ಸುಳ್ಳು ದುರಸ್ತಿ. ತೊಟ್ಟಿಯನ್ನು ಹೊರತೆಗೆದು ಚಾಸಿ ಕೂರಿಸಿ ನೋಡಿ. ಅದು ಸಲೀಸಾಗಿ ಮೇಲೇರಿದರೆ, ತೊಟ್ಟಿಯ ನೆಲವನ್ನು ಉಬ್ಬಿನ ಅಗಲಕ್ಕೆ ಕತ್ತರಿಸಿ, 0.5 ಮಿ.ಮೀ. ಹಾಳೆಯಿಂದ ಹೊಸ ಉಬ್ಬನ್ನು ಮೇಲಕ್ಕೆ ಕಟ್ಟಿಕೊಡಬೇಕು. ಸೀಟುಗಳ ನಡುವೆ ಇರುವುದರಿಂದ ಆ ಕೆಲಸ ಎದ್ದು ಕಾಣುವುದಿಲ್ಲ.

ಚಾಸಿಯೇ ತಿರುಚಿದ್ದರೆ ವಸ್ತು ಯಾವುದೆಂದು ತಿಳಿದು ಮುಂದುವರಿಯಬೇಕು. ರೆಸಿನ್ ಭಾಗವನ್ನು ಬಿಸಿ ನೀರಿನಲ್ಲಿ ಮುಳುಗಿಸಿ ಮೆತ್ತಗಾದಾಗ ನೇರ ಮಾಡಿ ತಣ್ಣೀರಿಗೆ ಹಿಡಿಯಬಹುದು. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ತನ್ನ ಬಿಗಿಯನ್ನೇ ಕಳೆದುಕೊಳ್ಳುವುದರಿಂದ ಕುದಿಯುವ ನೀರು ಅದಕ್ಕೆ ಅಪಾಯ. ಅದನ್ನು ನೇರವಾದ ದಪ್ಪ ಪಟ್ಟಿಗೆ ಅಂಟಿಸಿ, ಗಾಜಿನ ಮೇಲೆ ಭಾರವಿಟ್ಟು ಒಣಗಿಸುವ ನಿಧಾನದ ದಾರಿಯೇ ಸುರಕ್ಷಿತ.

ಟೈರ್ ಕಮಾನಿಗೆ ಉಜ್ಜುತ್ತದೆ ಅಥವಾ ಹೊರಗೆ ಚಾಚಿದೆ

15 ಅಂಗುಲದ ರಿಮ್ 1:25ರಲ್ಲಿ 15.2 ಮಿ.ಮೀ., 1:24ರಲ್ಲಿ 15.9 ಮಿ.ಮೀ. ಹೊಂದದ ಚಕ್ರವೆಂದು ದೂರುವ ಮೊದಲು ಈ ಅಳತೆ ತೆಗೆಯಿರಿ. ಈಗಿನ ಕಾರುಗಳ ದೊಡ್ಡ ರಿಮ್‌ಗಳನ್ನು ಇಷ್ಟಪಡುವವರಿಗೆ ಇಷ್ಟು ವ್ಯತ್ಯಾಸ ಲೆಕ್ಕಕ್ಕೇ ಬಾರದು. ಟೈರ್ ಹೊರಗೆ ಚಾಚಿದ್ದರೆ ಆಕ್ಸಲನ್ನು ಗಿಡ್ಡ ಮಾಡುವುದಕ್ಕಿಂತ ಮೊದಲು ರಿಮ್ಮಿನ ಹಿಂಬದಿಯ ಗುಬುಟನ್ನು ಎಷ್ಟು ಕಡಿಮೆ ಮಾಡಬಹುದೆಂದು ನೋಡಬೇಕು. ಎರಡೂ ಬದಿಗೆ ಸಮನಾಗಿ ತೆಗೆಯಬೇಕು ಎಂದು ಬೇರೆ ಹೇಳಬೇಕಿಲ್ಲ.

ಅಂಟು ಹಿಡಿಯುತ್ತಿಲ್ಲ

ಕಿಟ್ ಬದಲಾದಾಗ ಪ್ಲಾಸ್ಟಿಕ್ಕೂ ಬದಲಾಗಿರಬಹುದು. ಮಾದರಿ ಕಟ್ಟುವವರ ತೆಳು ಅಂಟು ನಿಜವಾಗಿ ಅಂಟಲ್ಲ, ದ್ರಾವಕ. ಅದು ಪಾಲಿಸ್ಟೈರೀನಿನ ಎರಡು ಮೈಗಳನ್ನು ಕರಗಿಸಿ ಒಂದು ಮಾಡುತ್ತದೆ. ಕರಗದ ವಸ್ತುವಿನ ಮೇಲೆ ಅದು ಆವಿಯಾಗಿ ಹೋಗುತ್ತದೆ, ಅಷ್ಟೆ. ಭಾಗಗಳು ಅಂಟಿಕೊಂಡು ಬರುವ ಚೌಕಟ್ಟಿನ ಕಡ್ಡಿಯ ಮೇಲೆ ಒಂದು ಹನಿ ಹಾಕಿ, ಕೆಲವು ಕ್ಷಣ ಬಿಟ್ಟು ಮುಟ್ಟಿ ನೋಡಿ: ಮೈ ಜಿಗುಟಾದರೆ ಪಾಲಿಸ್ಟೈರೀನ್. ಏನೂ ಆಗದಿದ್ದರೆ ರೆಸಿನ್ ಅಥವಾ ಬೇರೆ ಪ್ಲಾಸ್ಟಿಕ್. ಅದಕ್ಕೆ ಸೂಪರ್ ಗ್ಲೂ ಇಲ್ಲವೇ ಎಪಾಕ್ಸಿ ಬೇಕು. ಕ್ರೋಮ್ ಲೇಪನವಿರುವ ಬಂಪರ್, ರಿಮ್ ಮೊದಲಾದವು ಅಂಟಿದಂತೆ ಕಂಡು ಮಾರನೆಯ ದಿನ ಉದುರುವುದಕ್ಕೆ ಕಾರಣ, ಅಂಟು ಹಿಡಿದಿರುವುದು ಲೇಪನವನ್ನು, ಪ್ಲಾಸ್ಟಿಕ್ಕನ್ನಲ್ಲ. ಕೂಡುವ ಜಾಗದಲ್ಲಿ ಲೇಪನವನ್ನು ಬ್ಲೇಡಿನಿಂದ ಕೆರೆಯಬೇಕು. ಬಣ್ಣ ಹಚ್ಚಿದ ಭಾಗಕ್ಕೂ ಇದೇ ನಿಯಮ. ಕಿಟಕಿಯ ಪಾರದರ್ಶಕ ಭಾಗಗಳಿಗೆ ಸೂಪರ್ ಗ್ಲೂ ಬೇಡ, ಅದರ ಆವಿ ಗಾಜಿನ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ. ಮರಕ್ಕೆ ಹಚ್ಚುವ ಬಿಳಿ ಅಂಟು ಅಲ್ಲಿ ಸಾಕು.

ಬಣ್ಣದ ಕೆಳಗಿನಿಂದ ಬೆಸೆದ ಗೆರೆ ಮೂಡುತ್ತದೆ

ಒಂದು ಬಾಡಿಯ ಮೇಲ್ಛಾವಣಿಯನ್ನು ಇನ್ನೊಂದಕ್ಕೆ ಬೆಸೆದವರಿಗೆ ಈ ಸಂಕಟ ಗೊತ್ತು. ನುಣುಪಾಗಿ ಉಜ್ಜಿ, ಬಣ್ಣ ಹೊಡೆದು, ಪಾಲಿಶ್ ಮಾಡಿ ಕಪಾಟಿನಲ್ಲಿಟ್ಟ ಕಾರಿನ ಕಂಬಗಳ ಮೇಲೆ ಕೆಲವು ವಾರಗಳ ನಂತರ ಗೆರೆಯೊಂದು ಕಾಣಿಸಿಕೊಳ್ಳುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು, ಉಗುರನ್ನು ಅಡ್ಡಲಾಗಿ ಎಳೆದು, ಗೆರೆ ತಗ್ಗೋ ಉಬ್ಬೋ ಎಂಬುದನ್ನು ಗುರುತಿಸಬೇಕು, ಏಕೆಂದರೆ ಎರಡರ ಕಾರಣಗಳೂ ಬೇರೆ.

ತಗ್ಗಾಗಿದ್ದರೆ ಕುಗ್ಗಿದೆ ಎಂದರ್ಥ. ದ್ರಾವಕದ ಅಂಟಿನಿಂದ ಮೆತ್ತಗಾದ ಪ್ಲಾಸ್ಟಿಕ್ ಆಗಲಿ, ದ್ರಾವಕವಿರುವ ಪುಟ್ಟಿಯಾಗಲಿ, ಒಳಗಿನ ದ್ರಾವಕ ಪೂರ್ತಿ ಹೋಗುವವರೆಗೂ ಕುಗ್ಗುತ್ತಲೇ ಇರುತ್ತದೆ. ಮೇಲ್ಮೈ ಒಣಗಿದೆಯೆಂದು ಎರಡನೆಯ ದಿನವೇ ಉಜ್ಜಿದರೆ, ಉಜ್ಜಿದ ಮೇಲೂ ಅದು ಇಳಿಯುತ್ತದೆ. ಅಂತಹ ಜಾಗವನ್ನು ಕನಿಷ್ಠ ಒಂದು ವಾರ ಬಿಡುವುದು, ಪುಟ್ಟಿಯನ್ನು ದಪ್ಪವಾಗಿ ಮೆತ್ತದೆ ತೆಳು ಪದರಗಳಾಗಿ ಹಚ್ಚುವುದು, ದೊಡ್ಡ ಸಂದಿಗೆ ಪಾಲಿಸ್ಟೈರೀನ್ ಹಾಳೆಯ ತುಂಡನ್ನೇ ತುರುಕುವುದು ಅಥವಾ ಕುಗ್ಗದ ಎಪಾಕ್ಸಿ ಪುಟ್ಟಿ ಬಳಸುವುದು ಇದಕ್ಕೆ ಪರಿಹಾರ. ಗೆರೆ ಉಬ್ಬಾಗಿದ್ದರೆ ಅಲ್ಲಿ ಸೂಪರ್ ಗ್ಲೂ ತುಂಬಿರುವ ಸಾಧ್ಯತೆ ಹೆಚ್ಚು. ಅದು ಗಟ್ಟಿಯಾದಂತೆಲ್ಲ ಪ್ಲಾಸ್ಟಿಕ್ಕಿಗಿಂತ ಬಿರುಸಾಗುವುದರಿಂದ, ತಡವಾಗಿ ಉಜ್ಜಿದಾಗ ಉಪ್ಪು ಕಾಗದ ಸುತ್ತಲಿನ ಮೆದು ಪ್ಲಾಸ್ಟಿಕ್ಕನ್ನು ತಿಂದು ಗೆರೆಯನ್ನು ದಿಬ್ಬವಾಗಿ ಉಳಿಸುತ್ತದೆ. ಸೂಪರ್ ಗ್ಲೂ ತುಂಬಿದ ದಿನವೇ, ಸಾಧ್ಯವಾದರೆ ಗಂಟೆಯೊಳಗೆ, 400ರ ಕಾಗದವನ್ನು ಗಟ್ಟಿಯಾದ ತುಂಡಿಗೆ ಸುತ್ತಿ ಉಜ್ಜಿ, 600, 1000 ಎಂದು ಮುಂದುವರಿಯಬೇಕು. ಬರಿಯ ಬೆರಳಿನಿಂದ ಉಜ್ಜಿದರೆ ಬೆರಳು ತಗ್ಗನ್ನು ತಾನೂ ಹಿಂಬಾಲಿಸುತ್ತದೆ. ಬಣ್ಣಕ್ಕೆ ಮುಂಚೆ ಬೂದು ಪ್ರೈಮರಿನ ತೆಳು ಪದರ ಹೊಡೆದು ನೋಡಿದರೆ ಕಣ್ಣಿಗೆ ತಪ್ಪಿಸಿಕೊಂಡದ್ದೆಲ್ಲ ಬಯಲಾಗುತ್ತದೆ.

ಬಣ್ಣದಲ್ಲಿ ಸುಕ್ಕು, ಬಿರುಕು, ಗುಲಾಬಿ ಛಾಯೆ

ಪ್ರೈಮರಿಲ್ಲದ ಪ್ಲಾಸ್ಟಿಕ್ಕಿನ ಮೇಲೆ ತೀಕ್ಷ್ಣವಾದ ಲ್ಯಾಕರ್ ಬಿದ್ದರೆ ಜೇಡರ ಬಲೆಯಂತಹ ಸಣ್ಣ ಬಿರುಕುಗಳು ಮೂಡುತ್ತವೆ. ಪೂರ್ತಿ ಒಣಗದ ಎನಾಮೆಲ್ಲಿನ ಮೇಲೆ ಲ್ಯಾಕರ್ ಹೊಡೆದರೆ ಕೆಳಗಿನ ಪದರ ಸುಕ್ಕುಗಟ್ಟಿ ಏಳುತ್ತದೆ. ಬಣ್ಣ ಸಣ್ಣ ಗುಳಿಗಳಾಗಿ ಸರಿದು ನಿಂತರೆ ಅಚ್ಚಿನ ಎಣ್ಣೆಯೋ ಕೈಯ ಜಿಡ್ಡೋ ಉಳಿದಿದೆ, ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದಿಲ್ಲ. ಇವು ಯಾವ ಮಾದರಿಗೂ ಬರುವಂಥವು. ಬೇರೆ ಬೇರೆ ಕಿಟ್ ಕೂಡಿಸುವವರಿಗೇ ಮೀಸಲಾದ ದೋಷವೊಂದಿದೆ: ಬಿಳಿ ಬಣ್ಣ ಹೊಡೆದ ಕಾರಿನಲ್ಲಿ ಛಾವಣಿ ಮಾತ್ರ, ಅಥವಾ ಒಂದು ಬಾಗಿಲು ಮಾತ್ರ, ಗುಲಾಬಿಯಾಗುವುದು. ಆ ತುಂಡು ಕೆಂಪು ಪ್ಲಾಸ್ಟಿಕ್ಕಿನ ಕಿಟ್‌ನಿಂದ ಬಂದಿದ್ದು, ಬಣ್ಣದ ದ್ರಾವಕ ಪ್ಲಾಸ್ಟಿಕ್ಕಿನೊಳಗಿನ ಕೆಂಪನ್ನು ಮೇಲಕ್ಕೆಳೆದಿದೆ. ಮೇಲೆ ಮೇಲೆ ಬಿಳಿ ಹೊಡೆದಷ್ಟೂ ಕೆಂಪು ಏರುತ್ತದೆ. ಬಣ್ಣವನ್ನು ಉಜ್ಜಿ ಇಳಿಸಿ, ಬೆಳ್ಳಿ ಬಣ್ಣದ ಪದರವೊಂದರಿಂದ ಮುಚ್ಚಿ, ಅದು ಒಣಗಿದ ಮೇಲೆ ಮತ್ತೆ ಪ್ರೈಮರ್ ಹಚ್ಚಬೇಕು. ಕೂಡಿಸಿದ ಬಾಡಿಯಲ್ಲಿ ಯಾವ ತುಂಡು ಯಾವ ಬಣ್ಣದ ಪ್ಲಾಸ್ಟಿಕ್ಕಿನದೆಂದು ಪ್ರೈಮರಿಗೆ ಮುಂಚೆಯೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರೆ ಇದನ್ನು ಹುಡುಕುತ್ತ ಕೂರಬೇಕಾಗುವುದಿಲ್ಲ.

ರಿಮ್ ಕರಗಿದೆ

ಡಬ್ಬಿಯಲ್ಲಿ ವರ್ಷಗಟ್ಟಲೆ ಇದ್ದ ಹಳೆಯ ಟೈರುಗಳನ್ನು ಹೊಸ ರಿಮ್ಮಿಗೆ ತೊಡಿಸಿದವರು ಕೆಲವು ತಿಂಗಳ ನಂತರ ನೋಡಿದಾಗ, ಟೈರ್ ತಾಗಿದ ಕಡೆಯೆಲ್ಲ ಪ್ಲಾಸ್ಟಿಕ್ ಕರಗಿ ಅಂಟಾಗಿರುವುದುಂಟು. ವಿನೈಲ್ ಟೈರನ್ನು ಮೆತ್ತಗಾಗಿಸಲು ಸೇರಿಸಿರುವ ರಾಸಾಯನಿಕ ಹೊರಬಂದು ಪಾಲಿಸ್ಟೈರೀನನ್ನು ತಿನ್ನುವುದು ಇದಕ್ಕೆ ಕಾರಣ. ಡಬ್ಬಿಯಲ್ಲಿ ಟೈರ್‌ಗಳನ್ನು ಬಾಡಿಗಳ ಜೊತೆ ಇಡದೆ ಬೇರೆ ಚೀಲದಲ್ಲಿಡಬೇಕು. ಕಟ್ಟುವಾಗ ರಿಮ್ಮಿನ ಸುತ್ತ ತೆಳು ಅಲ್ಯೂಮಿನಿಯಂ ಹಾಳೆಯ ಪಟ್ಟಿಯೊಂದನ್ನು ಸುತ್ತಿ ಅದರ ಮೇಲೆ ಟೈರ್ ತೊಡಿಸಿದರೆ ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಈಗಾಗಲೇ ಕರಗಿರುವ ರಿಮ್ಮನ್ನು ಉಳಿಸಬೇಕೆಂದರೆ ಮೊದಲು ಟೈರನ್ನು ಕತ್ತರಿಸಿ ತೆಗೆಯಿರಿ, ಎಳೆಯಬೇಡಿ. ಮೆತ್ತಗಾದ ಪ್ಲಾಸ್ಟಿಕ್ ಟೈರಿನ ಜೊತೆಗೇ ಕಿತ್ತು ಬರುತ್ತದೆ. ಆಮೇಲೆ ರಿಮ್ಮನ್ನು ಕೆಲವು ವಾರ ಗಾಳಿಗೆ ಬಿಟ್ಟು, ಗಟ್ಟಿಯಾಗಿದೆಯೆಂದು ಉಗುರಿನಿಂದ ಒತ್ತಿ ಖಚಿತಪಡಿಸಿಕೊಂಡ ಮೇಲೆ ಅದರ ಅಂಚನ್ನು ತಿದ್ದಬಹುದು.